ಕುಂಬ್ರದ ಆಟೊ ಸ್ಟ್ಯಾಂಡಿಗೂ ಒಂದು ಚಾರ್ಜಿಂಗ್ ಕಂಬ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಕೊಂಡವರಿಗೆ ಮೊದಲ ತಲೆನೋವು ಪ್ಲಗ್ಗಿನದು. ಯಾರ ಮೀಟರಿನಿಂದ ವೈರ್ ಎಳೆಯುವುದು, ನಿವಾಸಿಗಳ ಸಂಘ ಒಪ್ಪುತ್ತದೋ ಇಲ್ಲವೋ ಎಂಬಲ್ಲೇ ಎಷ್ಟೋ ಸಲ ಕೆಲಸ ಕೆಡುತ್ತದೆ. ಪುತ್ತೂರಿನಿಂದ ಸುಳ್ಯದ ಕಡೆಗೆ ಸುಮಾರು ಹತ್ತು ಕಿಲೋಮೀಟರ್ ಬಂದು ಕುಂಬ್ರದಲ್ಲಿ ಇಳಿದರೆ ಆ ತಕರಾರೇ ಇಲ್ಲ. ಅಡಿಕೆ ತೋಟ, ರಬ್ಬರ್ ಗುಡ್ಡೆಗಳ ನಡುವೆ ಬಿಡಿ ಬಿಡಿ ಮನೆಗಳು. ಮನೆಗೊಂದು ಅಂಗಳ, ಜಗಲಿಯ ಗೋಡೆಗೊಂದು ಪ್ಲಗ್. ರಾತ್ರಿ ಸಿಕ್ಕಿಸಿಟ್ಟರೆ ಬೆಳಿಗ್ಗೆ ಡೇರಿಗೆ ಹಾಲು ಒಯ್ಯುವ ಹೊತ್ತಿಗೆ ಸ್ಕೂಟರ್ ತಯಾರು. ಆದರೆ ವಿದ್ಯುತ್ ವಾಹನಗಳಿಗಾಗಿ ಸರ್ಕಾರ ಮಾಡಿದ ಕಟ್ಟಳೆಗಳೆಲ್ಲ ನಗರದ ತಲೆನೋವಿಗೆ ಹುಡುಕಿದ ಮದ್ದು. ಕುಂಬ್ರದ ಕಾಯಿಲೆಯೇ ಬೇರೆ.

ವಿದ್ಯುತ್ ವಾಹನಕ್ಕೆಂದೇ ನೀತಿಯೊಂದನ್ನು ಮಾಡಿದ ದೇಶದ ಮೊದಲ ರಾಜ್ಯ ಕರ್ನಾಟಕ. ಅದು 2017ರ ಮಾತು. ಬೆಂಗಳೂರನ್ನು ವಿದ್ಯುತ್ ವಾಹನಗಳ ರಾಜಧಾನಿ ಮಾಡುವ ಆಸೆ ಆ ನೀತಿಯಲ್ಲೇ ಇತ್ತು. 2021ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು, 2025ರ ಫೆಬ್ರುವರಿಯಲ್ಲಿ 50,000 ಕೋಟಿ ರೂಪಾಯಿ ಬಂಡವಾಳದ ಗುರಿ ಹೊತ್ತ ‘ಕ್ಲೀನ್ ಮೊಬಿಲಿಟಿ ನೀತಿ 2025–30’ ಬಂತು. 2024ರ ಲೆಕ್ಕದಂತೆ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಲ್ಲಿ ದೇಶಕ್ಕೇ ನಾವು ಮೊದಲಿಗರು, ಐದು ಸಾವಿರಕ್ಕೂ ಮಿಕ್ಕಿ. ಅದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯಲ್ಲೇ ಇದ್ದವು. ಉಳಿದ ಇಡೀ ರಾಜ್ಯ ಹಂಚಿಕೊಂಡದ್ದು ಎಷ್ಟು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತನ್ನೂ ಗಮನಿಸಬೇಕು. ರಿಯಾಯಿತಿ ಕೊಟ್ಟ ಕೈಯೇ ಹಿಂದೆಗೆಯಲೂಬಹುದು. 2016ರಿಂದ ಮನ್ನಾ ಇದ್ದ ರಸ್ತೆ ತೆರಿಗೆ, 2024ರ ತಿದ್ದುಪಡಿಯಿಂದಾಗಿ 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ಶೇ 10 ಆಯಿತು. 2021ರಲ್ಲಿ ತಂದ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿ ಯೋಜನೆಯನ್ನು 2024ರಲ್ಲಿ ಸರ್ಕಾರವೇ ಕೈಬಿಟ್ಟಿತು. ಸಾಲ ಮಾಡಿ ಗಾಡಿ ತೆಗೆಯುವವನಿಗೆ ಇಂಥ ಏರಿಳಿತ ನುಂಗಲಾರದ ತುತ್ತು. ಊರಿನ ಕೂಡುರಸ್ತೆಯಲ್ಲಿ ಒಮ್ಮೆ ನೆಟ್ಟ ಚಾರ್ಜಿಂಗ್ ಕಂಬವನ್ನು ಮಾತ್ರ ಯಾವ ತಿದ್ದುಪಡಿಯೂ ಅಷ್ಟು ಸುಲಭದಲ್ಲಿ ಕಿತ್ತೊಯ್ಯಲಾರದು. ಹಾಗಾಗಿ ನಮ್ಮಂಥ ಊರುಗಳು ಕೇಳಬೇಕಾದದ್ದು ಕಂಬವನ್ನೇ.

ಅದನ್ನು ಎಲ್ಲಿ ನೆಡಬೇಕು? ಆಟೊ ಸ್ಟ್ಯಾಂಡಿನಲ್ಲಿ. ಬೆಳ್ಳಾರೆ ರಸ್ತೆ ಕವಲೊಡೆಯುವ ಕುಂಬ್ರದ ಜಂಕ್ಷನ್ನಿನಲ್ಲಿ ಬಸ್ಸಿನಿಂದ ಇಳಿದವರನ್ನು ಒಳದಾರಿಗಳ ಮನೆ ಮುಟ್ಟಿಸುವುದು ಆಟೊಗಳೇ. ಬೆಳಿಗ್ಗೆ ಮತ್ತು ಸಂಜೆ ಪುರುಸೊತ್ತಿಲ್ಲದ ಬಾಡಿಗೆ, ನಡುಮಧ್ಯಾಹ್ನ ಸರತಿಯಲ್ಲಿ ನಿಂತು ಕಾಯುವ ಹೊತ್ತು. ಆ ಕಾಯುವ ಹೊತ್ತೇ ಚಾರ್ಜಿಂಗಿಗೆ ಹೇಳಿಮಾಡಿಸಿದ್ದು. 3.3 ಕಿಲೋವ್ಯಾಟಿನ ಸಣ್ಣ ಚಾರ್ಜರಿಗೆ ಒಂದು ತಾಸು ಸಿಕ್ಕಿಸಿದರೆ ಬ್ಯಾಟರಿಗೆ ಸುಮಾರು ಮೂರು ಯೂನಿಟ್ ಸೇರುತ್ತದೆ, ಇ-ಆಟೊ 30–40 ಕಿಲೋಮೀಟರ್ ಓಡುತ್ತದೆ. ಪುತ್ತೂರಿಗೆ ಹೋಗಿ ಬಂದರೂ ಮಿಗುತ್ತದೆ.

ಇದೇನೂ ಕನಸಿನ ಮಾತಲ್ಲ. ಗಡಿಯಾಚೆಯ ಕೇರಳದಲ್ಲಿ ಅಲ್ಲಿನ ವಿದ್ಯುತ್ ಮಂಡಳಿ 2021ರಲ್ಲಿ ಕೋಯಿಕ್ಕೋಡಿನಲ್ಲಿ ಬೀದಿ ಬದಿಯ ವಿದ್ಯುತ್ ಕಂಬಗಳಿಗೇ ಚಾರ್ಜರ್ ಜೋಡಿಸಿ ಆಟೊಗಳಿಗೆ ಕೊಟ್ಟಿತು. ಆಮೇಲೆ ರಾಜ್ಯವಿಡೀ ಸಾವಿರಕ್ಕೂ ಮಿಕ್ಕಿ ಕಂಬಗಳಿಗೆ ಅದನ್ನು ಹಬ್ಬಿಸಿತು. ಹೊಸ ಜಾಗ ಬೇಡ, ಹೊಸ ಕಟ್ಟಡ ಬೇಡ. ಮೊಬೈಲಿನಲ್ಲಿ ದುಡ್ಡು ಕಟ್ಟಿ ಪ್ಲಗ್ ಸಿಕ್ಕಿಸಿದರಾಯಿತು. ನಮಗೆ ವಿದ್ಯುತ್ ಪೂರೈಸುವ ಮೆಸ್ಕಾಂ, ಊರಿನ ಒಳಮೊಗ್ರು ಗ್ರಾಮ ಪಂಚಾಯತ್ ಮತ್ತು ಆಟೊ ಚಾಲಕರ ಸಂಘ ಒಟ್ಟಿಗೆ ಕೂತರೆ ಕುಂಬ್ರದಲ್ಲೂ ಇದು ಆಗುವ ಕೆಲಸವೇ. ಆದರೆ ಬ್ಯಾಟರಿ ಆಟೊಗಳಿಗೆ ಪರ್ಮಿಟ್ ಬೇಕಿಲ್ಲವೆಂದು ಕೇಂದ್ರ 2018ರಲ್ಲಿ ಹೇಳಿದ್ದರಿಂದ ಮಂಗಳೂರಿನಲ್ಲಿ ಹಳೆಯ ಆಟೊದವರು ಬೀದಿಗಿಳಿದದ್ದೂ ಉಂಟು. ಅವರ ಸಂಕಟ ನಿಜವಾದದ್ದು. ಹಳ್ಳಿಯಲ್ಲಿ ಅದೇ ಜಗಳ ಬರಬಾರದಾದರೆ ಈಗಿರುವ ಚಾಲಕರಿಗೇ ಮೊದಲು ಸಾಲ, ಸಬ್ಸಿಡಿ ಸಿಗಬೇಕು.

ವೇಗದ ಚಾರ್ಜರ್ ಬೇಡವೇ ಎಂದು ಕೇಳುವವರು ಊರಿನ ಟ್ರಾನ್ಸ್‌ಫಾರ್ಮರ್ ಬುಡಕ್ಕೆ ಹೋಗಿ ನೋಡಬೇಕು. ಹಳ್ಳಿಯಲ್ಲಿ ಕಾಣುವುದು ಹೆಚ್ಚಾಗಿ 25, 63 ಅಥವಾ 100 ಕೆವಿಎಯದ್ದು. 60 ಕಿಲೋವ್ಯಾಟಿನ ಒಂದು ಡಿ.ಸಿ. ಚಾರ್ಜರ್ ಹಾಕಿದರೆ 63 ಕೆವಿಎಯ ಟ್ರಾನ್ಸ್‌ಫಾರ್ಮರ್ ಪೂರ್ತಿ ಅದಕ್ಕೇ ಹೋಯಿತು. ಕಂಬದ ಚಾರ್ಜರ್ ಎಳೆಯುವುದಾದರೋ ತೋಟದ 5 ಎಚ್.ಪಿ. ಪಂಪಿಗಿಂತ ಕಡಿಮೆ. ಬೇಸಿಗೆಯಲ್ಲಿ ಎಲ್ಲರ ಪಂಪೂ ಒಟ್ಟಿಗೆ ತಿರುಗುವಾಗ ವೋಲ್ಟೇಜ್ ಕುಸಿಯುವುದು, ಜೂನಿನ ಗಾಳಿಮಳೆಗೆ ಕೊಂಬೆ ಬಿದ್ದು ರಾತ್ರಿಯಿಡೀ ಕರೆಂಟಿಲ್ಲದಿರುವುದು ಇಲ್ಲಿ ಯಾರಿಗೂ ಹೊಸತಲ್ಲ. ಬೆಳ್ಳಾರೆ ರಸ್ತೆಯ ಮಾಡಾವಿಗೆ 110 ಕೆ.ವಿ. ಉಪಕೇಂದ್ರ ಬಂದಿದೆ, ತಮಗೂ ಒಂದು ಬೇಕೆಂದು ಸುಳ್ಯದವರು ದಶಕಗಟ್ಟಲೆ ಕೇಳಬೇಕಾಯಿತು. ಸಿಡಿಲಿನ ಕಾಲದಲ್ಲಿ ಮೊದಲ ಗುಡುಗಿಗೇ ಎಲ್ಲ ಪ್ಲಗ್ ಕಿತ್ತಿಡುವ ಅಭ್ಯಾಸ ನಮ್ಮ ಮನೆಮನೆಯದು. ಹಾಗಾಗಿ ವಾಹನಕ್ಕೆ ಕೊಡುವ ಸಬ್ಸಿಡಿಯಲ್ಲಿ ಒಂದು ಪಾಲು ಮನೆಯ ಅರ್ತಿಂಗಿಗೂ ಊರಿನ ಲೈನಿಗೂ ಹೋಗಲಿ ಎಂದರೆ ಅತಿಯಾಸೆಯಲ್ಲ.

ಹೆದ್ದಾರಿಯ ಲೆಕ್ಕ ಬೇರೆ. ಕುಂಬ್ರದ ಮೇಲೆ ಹಾದುಹೋಗುವ ಮಾಣಿ–ಮೈಸೂರು ರಸ್ತೆ ಸಂಪಾಜೆ ದಾಟಿದ ಮೇಲೆ ಮಡಿಕೇರಿಯವರೆಗೆ ಸುಮಾರು ಸಾವಿರ ಮೀಟರ್ ಎತ್ತರಕ್ಕೆ ಏರುತ್ತದೆ. ಆ ಏರಿಗೇ ಸಾಧಾರಣ ಕಾರಿಗೆ ಐದು ಯೂನಿಟ್ಟಿನಷ್ಟು ಹೆಚ್ಚು ಬೇಕು. ಇಳಿಯುವಾಗ ಸ್ವಲ್ಪ ಬ್ಯಾಟರಿಗೆ ಮರಳುತ್ತದೆ, ಸರಿ. ಹೆದ್ದಾರಿಯಲ್ಲಿ 25 ಕಿಲೋಮೀಟರಿಗೊಂದು ಚಾರ್ಜಿಂಗ್ ಕೇಂದ್ರವಿರಬೇಕೆಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತ್ತು. ಘಟ್ಟದ ರಸ್ತೆಗೆ ದೂರದ ಜೊತೆ ಏರನ್ನೂ ಲೆಕ್ಕ ಹಿಡಿಯುವ ನಿಯಮ ಬೇಕು. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದು ಈ ದಾರಿಯೇ ಮುಚ್ಚಿದ್ದನ್ನು ಕಂಡವರಿಗೆ, ಅರ್ಧದಾರಿಯಲ್ಲಿ ಬ್ಯಾಟರಿ ಖಾಲಿಯಾದೀತೆಂಬ ಭಯ ಸುಮ್ಮನೆ ಹುಟ್ಟಿದ್ದಲ್ಲ.

ಇನ್ನು ಮನೆಯ ಬಿಲ್ಲಿಗೆ ಬರೋಣ. ದಿನಕ್ಕೆ 40 ಕಿಲೋಮೀಟರ್ ಓಡುವ ಸ್ಕೂಟರಿಗೆ ತಿಂಗಳಿಗೆ ಸುಮಾರು 40 ಯೂನಿಟ್ ಬೇಕು. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ ಮನೆಯ ಹಳೆಯ ಸರಾಸರಿಗೆ ಸ್ವಲ್ಪ ಸೇರಿಸಿ ಉಚಿತ ಯೂನಿಟ್ ನಿಗದಿಯಾಗಿದೆ. ಹೆಚ್ಚಾದದ್ದಕ್ಕೆ ಹಣ ಕಟ್ಟಬೇಕು, 200 ಯೂನಿಟ್ ಮೀರಿದರೆ ಇಡೀ ಬಿಲ್ಲು ಕೈಗೆ ಬರುತ್ತದೆ. 170 ಯೂನಿಟ್ ಬಳಸುವ ಮನೆಗೆ ಸ್ಕೂಟರ್ ಬಂದರೆ ಆ ತಿಂಗಳಿಂದಲೇ ಉಚಿತ ತಪ್ಪಿತು. ಪೆಟ್ರೋಲ್ ಬಿಡಿ ಎನ್ನುವ ಸರ್ಕಾರವೇ ಪೆಟ್ರೋಲ್ ಬಿಟ್ಟವರಿಗೆ ಹೀಗೆ ದಂಡ ಹಾಕಬಾರದು. ಚಾರ್ಜಿಂಗಿಗೆ ಖರ್ಚಾದ ಯೂನಿಟ್ಟನ್ನು ಬೇರೆಯಾಗಿ ಅಳೆದು, ಅದಕ್ಕೆ ಮಾತ್ರ ದರ ಹಾಕಿ, 200ರ ಲೆಕ್ಕದಿಂದ ಹೊರಗಿಡಲು ವಿಧಾನಸಭೆಯಲ್ಲಿ ಮಸೂದೆ ಮಂಡಿಸಬೇಕಾಗಿಲ್ಲ. ಇಂಧನ ಇಲಾಖೆಯ ಒಂದು ಆದೇಶ ಸಾಕು.