ಒಂದೇ ತಿರುಳು, ಹಲವು ಸಂಪಾದನೆ

(ಆಕಾಶವಾಣಿ ಭಾಷಣ)



ಬದುಕಿನ ಬಹುಭಾಗವನ್ನು ಕನ್ನಡ ಸಾಹಿತ್ಯದ ಪಾಠ ಹೇಳುವುದರಲ್ಲಿ ಕಳೆದ ನಾನು ಇಂದು ಗಣಕಯಂತ್ರವನ್ನು ಕುರಿತು ಮಾತನಾಡಲು ಬಂದಿದ್ದೇನೆಂದರೆ ತಮಗೆ ಸೋಜಿಗವೆನಿಸಬಹುದು. ಇದು ನಾನಾಗಿ ಹುಡುಕಿಕೊಂಡು ಹೋದ ವಿಷಯವಲ್ಲ. ಅದೇ ಮನೆಯ ಬಾಗಿಲಿಗೆ ಬಂದು ನಿಂತದ್ದು. ನಿವೃತ್ತಿಗೆ ಬಹಳ ಮುಂಚಿನಿಂದಲೂ ನಾನು ನಮ್ಮ ಸೇಡಮ್, ಚಿತ್ತಾಪುರ, ಚಿಂಚೋಳಿ ಸೀಮೆಯ ಆಡುಮಾತುಗಳನ್ನು ಸಂಗ್ರಹಿಸುತ್ತ ಬಂದಿದ್ದೇನೆ. ತೊಗರಿಯ ಹೊಲಗಳಲ್ಲಿ, ಶಹಾಬಾದಿನ ಕಲ್ಲಿನ ಖಣಿಗಳಲ್ಲಿ ಕೇಳಿ ಬರೆದುಕೊಂಡ ಮಾತುಗಳು ಅವು. ಅವನ್ನು ಆಡಿದ ಹಿರಿಯರಲ್ಲಿ ಅನೇಕರು ಈಗ ಇಲ್ಲ. ಆ ಸಂಗ್ರಹವೆಲ್ಲ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿದೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಲ್ಲುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬಯಸುವ ಭದ್ರತಾ ಚಿಪ್ಪಾಗಲಿ, ಹೊಸ ಪೀಳಿಗೆಯ ಪ್ರೊಸೆಸರ್ ಆಗಲಿ ನನ್ನ ಯಂತ್ರದಲ್ಲಿಲ್ಲ. ವಾಡಿಯಲ್ಲಿ ಕಂಪ್ಯೂಟರ್ ದುರಸ್ತಿ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನು ತಿರುವಿ ನೋಡಿ, “ಸರ, ಇದರಾಗ ಹೊಸಾ ವಿಂಡೋಸ್ ಕೂಡಂಗಿಲ್ರಿ; ಲಿನಕ್ಸ್ ಹಾಕೋಣ್ರಿ” ಎಂದ. “ಆಗಲಪ್ಪಾ, ಹಾಕು” ಎಂದೆ. “ಯಾವ ಲಿನಕ್ಸ್ ಅಂತ ನೀವ ಹೇಳಬೇಕ್ರಿ” ಎಂದ. ಲಿನಕ್ಸ್ ಎಂಬುದು ಒಂದೇ ಎಂದು ತಿಳಿದಿದ್ದ ನನಗೆ ಅಲ್ಲಿಂದ ಪಾಠ ಆರಂಭವಾಯಿತು.

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು ‘ಗ್ನು’ ಎಂಬ ಯೋಜನೆಯನ್ನು ಸಾರಿದರು. ಯಾರು ಬೇಕಾದರೂ ಬಳಸಬಹುದಾದ, ಒಳಗನ್ನು ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶವನ್ನು ರಚಿಸುವುದು ಅದರ ಉದ್ದೇಶ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಒಂದು ‘ಕರ್ನೆಲ್’ ಬರೆದು ಲೋಕದ ಮುಂದಿಟ್ಟರು. ಕರ್ನೆಲ್ ಎಂದರೆ ತಿರುಳು. ಯಂತ್ರದ ಅಂಗಾಂಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಹಂಚುವ ಭಾಗ. ಲಿನಕ್ಸ್ ಎಂಬುದು ವಾಸ್ತವವಾಗಿ ಈ ತಿರುಳಿನ ಹೆಸರು. ಆದರೆ ಬರಿಯ ತಿರುಳಿನಿಂದ ಪತ್ರ ಬರೆಯಲಾಗದು. ಅದರ ಸುತ್ತ ನೂರಾರು ಉಪಕರಣಗಳನ್ನೂ ಲಿಪಿಗಳನ್ನೂ ಪರದೆಯ ವಿನ್ಯಾಸವನ್ನೂ ಆರಿಸಿ, ಒಂದಕ್ಕೊಂದು ಹೊಂದಿಸಿ, ಪರೀಕ್ಷಿಸಿ ಒಂದು ಕಟ್ಟಾಗಿ ಕೊಡುವವರು ಬೇಕು. ಹಾಗೆ ಸಿದ್ಧವಾದ ಕಟ್ಟಿಗೆ ‘ಡಿಸ್ಟ್ರಿಬ್ಯೂಷನ್’ ಎನ್ನುತ್ತಾರೆ.

ನಮ್ಮ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಾದ ಸಂಗತಿಯೇನಲ್ಲ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಈ ನಾಲ್ವರು 15-16ನೆಯ ಶತಮಾನಗಳಲ್ಲಿ ‘ಶೂನ್ಯಸಂಪಾದನೆ’ಯನ್ನು ರೂಪಿಸಿದರು. ಅವರೆಲ್ಲರ ಮುಂದಿದ್ದುದು ಶರಣರ ವಚನಗಳ ಒಂದೇ ಭಂಡಾರ. ಯಾವ ವಚನ ಸೇರಬೇಕು, ಯಾವುದರ ಮುಂದೆ ಯಾವುದು ನಿಲ್ಲಬೇಕು, ಯಾವ ಪ್ರಸಂಗ ಬೆಳೆಯಬೇಕು ಎಂಬ ವಿವೇಕದಲ್ಲಿ ಅವರು ಭಿನ್ನರು. ಡಿಸ್ಟ್ರಿಬ್ಯೂಷನ್ ಎಂಬುದನ್ನು ನಾನು ಮನಸ್ಸಿನಲ್ಲಿ ‘ಸಂಪಾದನೆ’ ಎಂದೇ ಕನ್ನಡಿಸಿಕೊಂಡಿದ್ದೇನೆ. ವ್ಯತ್ಯಾಸವೊಂದುಂಟು: ವಚನಗಳ ಸಂಪಾದಕ ಗ್ರಂಥವನ್ನು ಮುಗಿಸಿದರೆ ಅವನ ಕೆಲಸ ತೀರಿತು, ತಂತ್ರಾಂಶದ ಸಂಪಾದಕನಾದರೋ ಪ್ರತಿವಾರವೂ ದೋಷಗಳನ್ನು ತಿದ್ದುತ್ತ, ಓದುಗನ ಮನೆಗೆ ತಿದ್ದುಪಡಿಯನ್ನು ಕಳುಹಿಸುತ್ತಲೇ ಇರಬೇಕು. ಆದ್ದರಿಂದ ಇಲ್ಲಿ ನಾವು ಆರಿಸುವುದು ಒಂದು ವಸ್ತುವನ್ನಲ್ಲ. ಮುಂದಿನ ಹಲವು ವರ್ಷ ನಮ್ಮ ಬರಹದ ಕಾವಲಿಗೆ ನಿಲ್ಲುವ ಒಂದು ಬಳಗವನ್ನು.

ಈ ಸಂಪಾದನೆಗಳಿಗೆ ಹಸ್ತಪ್ರತಿಗಳಿಗಿರುವಂತೆ ವಂಶಾವಳಿಯೂ ಇದೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಒಂದು ಮೂಲಪ್ರತಿ; ಸ್ವಯಂಸೇವಕರೇ ಅದನ್ನು ನಡೆಸುತ್ತಾರೆ. ಅದನ್ನು ಆಧರಿಸಿ 2004ರಲ್ಲಿ ಉಬುಂಟು ಹೊರಬಂದಿತು. ಉಬುಂಟುವನ್ನು ಆಧರಿಸಿ 2006ರಲ್ಲಿ ಲಿನಕ್ಸ್ ಮಿಂಟ್ ಹುಟ್ಟಿತು. ನಮ್ಮ ಸಿ-ಡ್ಯಾಕ್ ಸಂಸ್ಥೆಯ ಚೆನ್ನೈ ಕೇಂದ್ರ 2007ರಲ್ಲಿ ಭಾರತೀಯ ಭಾಷೆಗಳನ್ನು ಗಮನದಲ್ಲಿಟ್ಟು ಹೊರತಂದ ‘ಬಾಸ್’ ಎಂಬುದೂ ಡೆಬಿಯನ್ ಸಂತತಿಯದೇ. ರೆಡ್ ಹ್ಯಾಟ್ ಮನೆತನದ ಫೆಡೋರಾ 2003ರದು. ಒಂದು ಮನೆತನಕ್ಕಾಗಿ ಕಟ್ಟಿದ ತಂತ್ರಾಂಶದ ಪೊಟ್ಟಣ ಇನ್ನೊಂದರಲ್ಲಿ ಹಾಗೆಯೇ ಕೂಡುವುದಿಲ್ಲ. ಆದ್ದರಿಂದ ವಂಶವನ್ನು ಅರಿತಿರುವುದು ಲೇಸು.

ಹಾಗಾದರೆ ಯಾವುದು ಶ್ರೇಷ್ಠ? ನಾನೂ ಮೊದಲು ಇದನ್ನೇ ಕೇಳಿದೆ, ಕೇಳಿ ಕೆಟ್ಟೆ. ಪರಿಚಿತರೊಬ್ಬರು, “ಎಲ್ಲಕ್ಕಿಂತ ಹೊಸದನ್ನೇ ಹಾಕಿಸಿರಿ” ಎಂದು ಉತ್ಸಾಹದಿಂದ ಹೇಳಿದರು. ಅದು ಎಡೆಬಿಡದೆ ನವೀಕರಣಗೊಳ್ಳುವ ಬಗೆಯದು. ಎರಡು ತಿಂಗಳು ಸೊಗಸಾಗಿ ನಡೆಯಿತು. ಒಂದು ಮುಂಜಾನೆ ನವೀಕರಣ ಮುಗಿಸಿ ಮತ್ತೆ ಯಂತ್ರ ಚಾಲೂ ಮಾಡಿದರೆ ಪರದೆ ಕಪ್ಪಾಗಿ ಕುಳಿತಿತು. ಆ ಹೊತ್ತಿನಲ್ಲಿ ನನ್ನ ಎದೆ ಹೇಗೆ ಹೊಡೆದುಕೊಂಡಿತೆಂಬುದನ್ನು ಹೇಳಲಾರೆ. ಪುಣ್ಯಕ್ಕೆ, ಪದಗಳ ಪ್ರತಿಯೊಂದು ಪೆನ್‌ಡ್ರೈವಿನಲ್ಲಿತ್ತು. ದೋಷ ಆ ತಂತ್ರಾಂಶದ್ದೆಂದು ನಾನು ಹೇಳುವುದಿಲ್ಲ. ಅದನ್ನು ರಚಿಸಿದವರು ತಾವೇ ದುರಸ್ತಿ ಮಾಡಿಕೊಳ್ಳಬಲ್ಲ ಕುಶಲರಿಗಾಗಿ ರಚಿಸಿದ್ದರು, ನಾನು ಅಂಥವನಲ್ಲ.

ಕಲಬುರಗಿಯ ಕಡೆಯಿಂದ ಶಹಾಬಾದ್ ದಾಟಿ ಬರುವ ರೈಲು ಹಳಿ ವಾಡಿಯಲ್ಲಿ ಕವಲೊಡೆಯುತ್ತದೆ. ಒಂದು ರಾಯಚೂರಿನತ್ತ ಹೋಗುತ್ತದೆ. ಇನ್ನೊಂದು ಚಿತ್ತಾಪುರ, ಸೇಡಮ್, ತಾಂಡೂರುಗಳ ಮೇಲೆ ಸಿಕಂದರಾಬಾದಿಗೆ. ವಾಡಿಯ ನಿಲ್ದಾಣದಲ್ಲಿ ನಿಂತು ‘ಯಾವ ಹಳಿ ಶ್ರೇಷ್ಠ’ ಎಂದು ಯಾರೂ ಕೇಳುವುದಿಲ್ಲ. ‘ನೀವು ಎಲ್ಲಿಗೆ ಹೋಗಬೇಕು’ ಎಂದೇ ಕೇಳುತ್ತಾರೆ. ನಾನು ಆ ಬಳಿಕ ನನಗೆ ನಾನೇ ಹಾಕಿಕೊಂಡ ಪ್ರಶ್ನೆಗಳು ನಾಲ್ಕು.

ಮೊದಲನೆಯದು ಕಾಲದ್ದು. ಡೆಬಿಯನ್ನಿನ ಸ್ಥಿರ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ. ದೀರ್ಘಾವಧಿ ಬೆಂಬಲವೂ ಸೇರಿ ಸುಮಾರು 5 ವರ್ಷ ತಿದ್ದುಪಡಿ ಸಿಗುತ್ತದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಯೂ ಎರಡು ವರ್ಷಕ್ಕೊಮ್ಮೆ ಬಂದು 5 ವರ್ಷ ನಿಲ್ಲುತ್ತದೆ. ಮಿಂಟ್ ಅದನ್ನೇ ನೆಮ್ಮಿದೆ. ಫೆಡೋರಾ ಆರು ತಿಂಗಳಿಗೊಮ್ಮೆ ಹೊಸದಾಗಿ, ಸುಮಾರು 13 ತಿಂಗಳಲ್ಲಿ ಹಳತಾಗುತ್ತದೆ. ಆರ್ಚ್ ಎಂಬುದಕ್ಕೆ ಆವೃತ್ತಿಗಳೇ ಇಲ್ಲ. ಅದು ನಿರಂತರ ಪ್ರವಾಹ. ಹೊಸ ಯಂತ್ರ, ಹೊಸ ಪ್ರಯೋಗ ಬಯಸುವ ಯುವಕರಿಗೆ ಕೊನೆಯವೆರಡು ಇಷ್ಟವಾದಾವು. ರೈಲಿಲ್ಲದ ಚಿಂಚೋಳಿಯವರು ಬಸ್ಸಿನ ಹೊತ್ತು ನೋಡಿ ಹೊರಡುವಂತೆ, ಅಂತರ್ಜಾಲ ಆಗೀಗ ಮಾತ್ರ ಸಿಗುವ ಹಳ್ಳಿಯವರು ಪದೇ ಪದೇ ದೊಡ್ಡ ನವೀಕರಣ ಬೇಡದ ಸ್ಥಿರ ಆವೃತ್ತಿಯನ್ನೇ ಹಿಡಿಯುವುದು ವಿವೇಕ.

ಎರಡನೆಯದು ಯಂತ್ರದ ಶಕ್ತಿ. ಶಹಾಬಾದಿನ ಒಂದೇ ಕಲ್ಲನ್ನು ಅಂಗಳಕ್ಕೆ ಒರಟಾಗಿಯೂ ಪಡಸಾಲೆಗೆ ನುಣುಪು ಮಾಡಿಯೂ ಹಾಸುತ್ತಾರಲ್ಲವೇ? ಹಾಗೆ ಒಂದೇ ಸಂಪಾದನೆಗೂ ಹಲವು ಪರದೆ ವಿನ್ಯಾಸಗಳುಂಟು. ಗ್ನೋಮ್, ಕೆಡಿಇ ಎಂಬವು ಹೆಚ್ಚು ಅಲಂಕಾರದವು, ಎಕ್ಸ್‌ಎಫ್‌ಸಿಇ ಹಗುರವಾದದ್ದು. ಸ್ಮೃತಿ 4 ಜಿಬಿಯಷ್ಟೇ ಇರುವ ಹಳೆಯ ಯಂತ್ರಕ್ಕೆ ಹಗುರವಾದದ್ದೇ ಹಿತ. 32 ಬಿಟ್‌ನ ಬಹಳ ಹಳೆಯ ಯಂತ್ರವಾದರೆ ಇನ್ನೂ ಎಚ್ಚರ ಬೇಕು. 2025ರಲ್ಲಿ ಬಂದ ಡೆಬಿಯನ್ 13 ಕೂಡ ಅಂಥವಕ್ಕೆ ಸ್ಥಾಪನಾ ಪ್ರತಿ ಕೊಡುವುದನ್ನು ಬಿಟ್ಟಿತು.

ಮೂರನೆಯದು ಕನ್ನಡದ್ದು, ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕರ್ನೆಲ್ ಹುಟ್ಟಿದ 1991ರಲ್ಲಿಯೇ ಯೂನಿಕೋಡಿನ ಮೊದಲ ಆವೃತ್ತಿ ಪ್ರಕಟವಾಯಿತು. ಕನ್ನಡಕ್ಕೆ ಅದರಲ್ಲಿ ಸ್ಥಾನವಿತ್ತು. ನುಡಿ ತಂತ್ರಾಂಶದಿಂದ ನಮಗೆ ಪರಿಚಿತವಾದ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿ ‘ಕಗಪ’ ಎಂಬ ಹೆಸರಿನಲ್ಲಿ ದೊರೆಯುತ್ತದೆ. ಲೋಹಿತ್, ಗುಬ್ಬಿ, ನವಿಲು ಎಂಬ ಮುಕ್ತ ಲಿಪಿಗಳು ಡೆಬಿಯನ್ ಭಂಡಾರದಲ್ಲಿವೆ. ಆದರೆ ನನ್ನ ಸಂಗ್ರಹದ ಅರ್ಧದಷ್ಟು, ಯೂನಿಕೋಡ್ ಬಳಕೆಗೆ ಬರುವ ಮುನ್ನ ಹಳೆಯ ಬಗೆಯ ಲಿಪಿಯಲ್ಲಿ ಬೆರಳಚ್ಚಾದದ್ದು. ಅದನ್ನು ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಗುರುತುಗಳು ಕಂಡವು. ಇದಕ್ಕೆ ಯಾವ ಡಿಸ್ಟ್ರಿಬ್ಯೂಷನ್ನೂ ಮದ್ದಲ್ಲ. ಹಳೆಯ ಯಂತ್ರ ಬದುಕಿರುವಾಗಲೇ ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿ, ಸಾಲುಸಾಲಾಗಿ ಓದಿ ತಿದ್ದಿಕೊಳ್ಳಬೇಕು. ಲೇಖಕಮಿತ್ರರು ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಬೇಕು.

ನಾಲ್ಕನೆಯ ಪ್ರಶ್ನೆ: ಕೆಟ್ಟರೆ ಯಾರನ್ನು ಕರೆಯುವುದು? ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ, 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಅದು ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ಒಂದು ಸಂಪಾದನೆಯನ್ನು ಸಿದ್ಧಪಡಿಸಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಎಲ್ಲರೂ ಒಂದನ್ನೇ ಬಳಸುವುದರಿಂದ ಒಬ್ಬ ಅಧ್ಯಾಪಕರಿಗೆ ಬಂದ ತೊಡಕಿಗೆ ಪಕ್ಕದ ಶಾಲೆಯಲ್ಲಿ ಉತ್ತರವಿರುತ್ತದೆ. ಕರ್ನಾಟಕದಲ್ಲಿಯೂ 2011ರಿಂದ ವಿಷಯ ಶಿಕ್ಷಕರ ವೇದಿಕೆಯ ಮೂಲಕ ಪ್ರೌಢಶಾಲೆಗಳ ಅಧ್ಯಾಪಕರಿಗೆ ಉಬುಂಟು ಪರಿಚಯವಾಯಿತು. ಊರಿನಲ್ಲಿ ಬಲ್ಲವರಿರುವ ಸಾಧಾರಣ ಸಂಪಾದನೆ, ಬಲ್ಲವರಿಲ್ಲದ ಉತ್ತಮ ಸಂಪಾದನೆಗಿಂತ ಮೇಲು.

ಇಷ್ಟು ವಿಚಾರಿಸಿದ ಮೇಲೂ ಕುರುಡಾಗಿ ಆರಿಸಬೇಕಿಲ್ಲ. ಬಹುತೇಕ ಸಂಪಾದನೆಗಳನ್ನು ಪೆನ್‌ಡ್ರೈವಿನಿಂದಲೇ ನಡೆಯಿಸಿ ನೋಡಬಹುದು; ಯಂತ್ರದೊಳಗಿನ ಯಾವುದನ್ನೂ ಮುಟ್ಟಬೇಕಿಲ್ಲ. ನಾನು ಮೂರನ್ನು ಹೀಗೆ ಪರೀಕ್ಷಿಸಿದೆ. ಪ್ರತಿಯೊಂದರಲ್ಲಿಯೂ ‘ಜ್ಯೋತ್ಸ್ನೆ’ ಎಂದು ಬರೆದು ಒತ್ತುಗಳು ಸರಿಯಾಗಿ ಕೂಡುತ್ತವೆಯೇ ನೋಡಿದೆ. ಮುದ್ರಣಯಂತ್ರ ಓಗೊಡುತ್ತದೆಯೇ, ವೈಫೈ ಹಿಡಿಯುತ್ತದೆಯೇ ಎಂದು ನೋಡಿದೆ. ಕೊನೆಗೆ ಮಿಂಟ್‌ನ ಎಕ್ಸ್‌ಎಫ್‌ಸಿಇ ರೂಪವನ್ನು ಆರಿಸಿಕೊಂಡೆ. ವಾಡಿಯ ನನ್ನ ಶಿಷ್ಯನಿಗೆ ಅದು ಗೊತ್ತು ಎಂಬುದೇ ಮುಖ್ಯ ಕಾರಣ. ತಮ್ಮ ಯಂತ್ರ, ತಮ್ಮ ಕೆಲಸ, ತಮ್ಮ ನೆರೆಯವರು ಬೇರೆಯಾದುದರಿಂದ ತಮ್ಮ ಆಯ್ಕೆಯೂ ಬೇರೆಯಾಗಬಹುದು.

ಇಷ್ಟೊಂದು ಸಂಪಾದನೆಗಳೇಕೆ, ಒಂದೇ ಇದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಒಂದೇ ಇದ್ದಾಗ ಏನಾಯಿತೆಂಬುದನ್ನು ನಾನು ಕಂಡಿದ್ದೇನೆ: ಅವರು ನಿಲ್ಲಿಸಿದ ದಿನ ನನ್ನ ಯಂತ್ರವೂ ಗತಿಯಿಲ್ಲದೆ ನಿಂತಿತು. ಈಗಿನ ಬಳಗ ನಾಳೆ ಕೈಬಿಟ್ಟರೂ ಅದೇ ತಿರುಳಿನ ಇನ್ನೊಂದು ಬಳಗದ ಬಳಿಗೆ ನನ್ನ ಪದಗಳನ್ನು ಹೊತ್ತುಕೊಂಡು ಹೋಗಬಲ್ಲೆ. ಹಳೆಯ ಕಡತಗಳಲ್ಲಿ ಇನ್ನೂ ಮೂರನೆಯ ಒಂದು ಪಾಲು ತಿದ್ದುವುದಿದೆ. ದಿನಕ್ಕೆ ನಾಲ್ಕು ಪುಟದಂತೆ ನಡೆದಿದೆ.