ಊಟಕ್ಕೆ ಬಂದವರು ಯಾರೋ, ಬಡಿಸಿದವಳು ಟಿಲ್ಲಿ

ಸ್ಯಾನ್ ಫ್ರಾನ್ಸಿಸ್ಕೊದ ಸಿರಿವಂತರ ಮನೆ. ಹವಾಯಿಗೆ ರಜೆಗೆಂದು ಹೋಗಿದ್ದ ಮಗಳು ಜೊಯಿ ತಾನು ಮದುವೆಯಾಗಲಿರುವ ವ್ಯಕ್ತಿಯನ್ನು ಕರೆದುಕೊಂಡೇ ಬರುತ್ತಾಳೆ. ಪರಿಚಯವಾಗಿ ಹತ್ತು ದಿನವಷ್ಟೇ. ಅವಳು ಬಿಳಿಯ ಹುಡುಗಿ, ಆತ ಕಪ್ಪು ವರ್ಣೀಯ ಡಾಕ್ಟರ್. ಅವತ್ತೇ ರಾತ್ರಿ ಆತ ಜಿನೀವಾಕ್ಕೆ ಹೊರಡಬೇಕು. ಹಾಗಾಗಿ ಹೂಂ ಅಥವಾ ಉಹೂಂ, ಏನಿದ್ದರೂ ರಾತ್ರಿ ಊಟದೊಳಗೆ ಹೇಳಿಬಿಡಬೇಕು.

1967ರ ಡಿಸೆಂಬರ್‌ನಲ್ಲಿ ತೆರೆಕಂಡ ‘ಗೆಸ್ ಹೂಸ್ ಕಮಿಂಗ್ ಟು ಡಿನ್ನರ್’ ಸಿನಿಮಾದ ಕಥೆ ಇಷ್ಟೇ. ನಿರ್ದೇಶಕ ಸ್ಟ್ಯಾನ್ಲಿ ಕ್ರೇಮರ್. ಡಾಕ್ಟರ್ ಜಾನ್ ಪ್ರೆಂಟಿಸ್ ಪಾತ್ರದಲ್ಲಿ ಸಿಡ್ನಿ ಪಾಯ್ಟಿಯರ್, ಹುಡುಗಿಯ ಅಪ್ಪ-ಅಮ್ಮನಾಗಿ ಸ್ಪೆನ್ಸರ್ ಟ್ರೇಸಿ ಮತ್ತು ಕ್ಯಾಥರಿನ್ ಹೆಪ್ಬರ್ನ್. ಅಪ್ಪ ಮ್ಯಾಟ್ ಪತ್ರಿಕೆಯೊಂದರ ಮಾಲೀಕ, ಅಮ್ಮ ಕ್ರಿಸ್ಟಿನಾ ಆರ್ಟ್ ಗ್ಯಾಲರಿ ನಡೆಸುವವಳು. ಎಲ್ಲ ಮನುಷ್ಯರೂ ಸಮಾನರು ಎಂದು ಮಗಳಿಗೆ ಹೇಳಿಕೊಟ್ಟು ಬೆಳೆಸಿದವರು. ಆ ಪಾಠವನ್ನು ಮಗಳು ನಿಜವೆಂದೇ ನಂಬಿಬಿಟ್ಟಾಗ ಏನಾಗುತ್ತದೆ ಎನ್ನುವುದೇ ಸಿನಿಮಾ.

ಈ ಸಿನಿಮಾ ಬಗ್ಗೆ ಓದಲು ಹೊರಟರೆ ಎಲ್ಲ ಕಡೆ ಈ ನಾಲ್ವರದೇ ಮಾತು. ನಾನು ಬರೆಯಹೊರಟಿರುವುದು ಅಡುಗೆಮನೆಯಲ್ಲಿರುವ ಐದನೆಯವಳ ಬಗ್ಗೆ. ಅವಳ ಹೆಸರು ಟಿಲ್ಲಿ. ಆ ಮನೆಯ ಕೆಲಸದಾಕೆ, ಕಪ್ಪು ವರ್ಣೀಯಳು. ಈ ಮದುವೆಗೆ ಎಲ್ಲರಿಗಿಂತ ಜೋರಾಗಿ, ಮುಚ್ಚುಮರೆಯಿಲ್ಲದೆ ವಿರೋಧ ಹೇಳುವವಳೂ ಅವಳೇ.

ಕಾನೂನಿಗೂ ಬೇಡವಾಗಿದ್ದ ಪ್ರೀತಿ

ಟಿಲ್ಲಿಯ ಸಿಟ್ಟು ಅರ್ಥವಾಗಬೇಕಾದರೆ ಮೊದಲು ಆ ಕಾಲ ಅರ್ಥವಾಗಬೇಕು. ಬಿಳಿಯರು ಮತ್ತು ಕಪ್ಪು ವರ್ಣೀಯರ ನಡುವಿನ ಪ್ರೇಮ ಸಂಬಂಧವನ್ನು ತೋರಿಸಬಾರದೆಂದು ಹಾಲಿವುಡ್ ತಾನೇ ಹಾಕಿಕೊಂಡಿದ್ದ ನಿಯಮ 1950ರ ದಶಕದ ಮಧ್ಯದವರೆಗೂ ಜಾರಿಯಲ್ಲಿತ್ತು. ತೆರೆಯ ಆಚೆ ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು. ವರ್ಜೀನಿಯಾ ರಾಜ್ಯದ ರಿಚರ್ಡ್ ಲವಿಂಗ್ ಬಿಳಿಯ, ಮಿಲ್ಡ್ರೆಡ್ ಕಪ್ಪು ವರ್ಣೀಯಳು. ಇಬ್ಬರೂ 1958ರಲ್ಲಿ ವಾಷಿಂಗ್ಟನ್‌ಗೆ ಹೋಗಿ ಮದುವೆಯಾಗಿ ಊರಿಗೆ ಮರಳಿದರು. ಪೊಲೀಸರು ರಾತ್ರೋರಾತ್ರಿ ಮಲಗುವ ಕೋಣೆಗೇ ನುಗ್ಗಿ ಅವರನ್ನು ಬಂಧಿಸಿದರು. ಒಂದು ವರ್ಷ ಜೈಲು; ಅದು ಬೇಡವೆಂದರೆ 25 ವರ್ಷ ಇಬ್ಬರೂ ಒಟ್ಟಿಗೆ ರಾಜ್ಯದೊಳಗೆ ಕಾಲಿಡುವಂತಿಲ್ಲ ಎಂದಿತು ನ್ಯಾಯಾಲಯ. ಕೊನೆಗೆ 1967ರ ಜೂನ್ 12ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಇಂಥ ಕಾನೂನುಗಳನ್ನೆಲ್ಲ ರದ್ದು ಮಾಡಿತು. ಅಲ್ಲಿಯವರೆಗೆ 16 ರಾಜ್ಯಗಳಲ್ಲಿ ಇಂಥ ಮದುವೆ ಅಪರಾಧವಾಗಿತ್ತು.

ಸಿನಿಮಾದ ಚಿತ್ರೀಕರಣ ಮುಗಿದದ್ದು ಈ ತೀರ್ಪಿಗೆ ಕೆಲವೇ ದಿನ ಮೊದಲು. ಕಥೆ ನಡೆಯುವ ಕ್ಯಾಲಿಫೋರ್ನಿಯಾದಲ್ಲಿ 1948ರಿಂದಲೇ ಇಂಥ ಮದುವೆಗೆ ಅಡ್ಡಿಯಿರಲಿಲ್ಲ ನಿಜ. ಆದರೆ ಹುಡುಗನ ಅಪ್ಪ, ನಿವೃತ್ತ ಅಂಚೆಯಣ್ಣ, ಮಗನ ಮೇಲೆ ರೇಗುವಾಗ ಇದನ್ನೇ ಎತ್ತುತ್ತಾರೆ: ಹದಿನಾರೋ ಹದಿನೇಳೋ ರಾಜ್ಯಗಳಲ್ಲಿ ನೀವಿಬ್ಬರೂ ಅಪರಾಧಿಗಳಾಗುತ್ತೀರಿ, ಗೊತ್ತಾ?

ಕಾನೂನಿಗಿಂತ ದೊಡ್ಡ ಭಯವೂ ಇತ್ತು. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ವರ್ಣೀಯ ಹುಡುಗ ಬಿಳಿಯ ಹೆಂಗಸೊಬ್ಬಳ ಜತೆ ಸಲುಗೆಯಿಂದ ವರ್ತಿಸಿದ ಎಂಬ ಆರೋಪಕ್ಕೆ ಅವನನ್ನು ಹೊತ್ತೊಯ್ದು ಕೊಂದರು. ಕೊಂದವರನ್ನು ನ್ಯಾಯಾಲಯ ಬಿಡುಗಡೆ ಮಾಡಿತು. ಟಿಲ್ಲಿಯ ವಯಸ್ಸಿನ ಹೆಂಗಸರು ಇಂಥ ಸುದ್ದಿಗಳನ್ನು ಕೇಳುತ್ತಲೇ ಬದುಕಿದವರು.

ನಗುವಿಗೆ ಸಿಕ್ಕ ಸಿಟ್ಟು

ಟಿಲ್ಲಿಯ ದೃಶ್ಯ ಹೀಗಿದೆ. ಜಾನ್ ಕೋಣೆಯಲ್ಲಿ ಒಬ್ಬನೇ ಬಟ್ಟೆ ಬದಲಾಯಿಸುತ್ತಿದ್ದಾನೆ. ಟಿಲ್ಲಿ ನೇರ ಒಳಗೆ ನುಗ್ಗುತ್ತಾಳೆ. ಈ ಮನೆಯವರನ್ನು ಮರುಳು ಮಾಡಬಹುದು, ನನ್ನನ್ನಲ್ಲ. ಈ ಮಗುವನ್ನು ತೊಟ್ಟಿಲಿನಿಂದ ಸಾಕಿದವಳು ನಾನು, ನಿನ್ನ ಮೇಲೆ ಕಣ್ಣಿಟ್ಟೇ ಇರುತ್ತೇನೆ ಎಂದು ತರಾಟೆಗೆ ತೆಗೆದುಕೊಳ್ಳುತ್ತಾಳೆ. ತನ್ನ ಜನಾಂಗದವನೊಬ್ಬ ತನ್ನ ಮಟ್ಟ ಮೀರಿ ಮೇಲೇರಲು ಹೊರಡುವುದು ಅವಳಿಗೆ ಸಹಿಸದು. ಹೆಸರಾಂತ ಡಾಕ್ಟರ್ ಅಂಗಿಯಿಲ್ಲದೆ ಕಕ್ಕಾಬಿಕ್ಕಿಯಾಗಿ ನಿಲ್ಲುತ್ತಾನೆ. ನಮ್ಮ ಕಾಲೇಜಿನ ಫಿಲ್ಮ್ ಕ್ಲಬ್‌ನಲ್ಲಿ ಈ ಸಿನಿಮಾ ತೋರಿಸಿದಾಗ ಸೆಮಿನಾರ್ ಹಾಲ್‌ನಲ್ಲಿ ಅತಿ ಹೆಚ್ಚು ನಗು ಎದ್ದದ್ದು ಇಲ್ಲೇ. ಸಿನಿಮಾಕ್ಕೆ ಬೇಕಾಗಿದ್ದೂ ಅದೇ.

ಇಲ್ಲೊಂದು ವ್ಯತ್ಯಾಸ ಗಮನಿಸಿ. ಮದುವೆ ಬಗ್ಗೆ ಅಪ್ಪ ಮ್ಯಾಟ್‌ಗೂ ಅನುಮಾನವಿದೆ. ಆದರೆ ಅವನಿಗೆ ಯೋಚಿಸಲು ಸಮಯ ಸಿಗುತ್ತದೆ. ಕಾರಿನಲ್ಲಿ ಸುತ್ತುತ್ತಾನೆ, ಐಸ್‌ಕ್ರೀಂ ತಿನ್ನುತ್ತಾನೆ, ಪಾದ್ರಿ ಗೆಳೆಯನ ಜತೆ ವಾದ ಮಾಡುತ್ತಾನೆ. ಹುಡುಗನ ಅಮ್ಮ ಬಂದು ತನ್ನ ಮನಸ್ಸಿನ ಮಾತು ಹೇಳುತ್ತಾಳೆ. ಅಪ್ಪಂದಿರು ಪರಸ್ಪರ ಮಾತಾಡುತ್ತಾರೆ, ಅಮ್ಮಂದಿರು ಮಾತಾಡುತ್ತಾರೆ, ಅಪ್ಪ-ಮಗ ಜಗಳವಾಡುತ್ತಾರೆ. ಇಬ್ಬಿಬ್ಬರಾಗಿ ಎಲ್ಲರೂ ಕೂತು ಹೇಳಿಕೊಳ್ಳುತ್ತಾರೆ, ಕೇಳಿಸಿಕೊಳ್ಳುತ್ತಾರೆ. ಟಿಲ್ಲಿಯನ್ನು ಮಾತ್ರ ಯಾರೂ ಕೂರಿಸಿ ‘ಯಾಕೆ ಹೀಗಂತೀಯ?’ ಎಂದು ಕೇಳುವುದಿಲ್ಲ. ಬಿಳಿಯ ಅಪ್ಪನ ಅನುಮಾನ ಚಿಂತನೆಯಾಗುತ್ತದೆ, ಕಪ್ಪು ಕೆಲಸದಾಕೆಯ ಅನುಮಾನ ತಮಾಷೆಯಾಗುತ್ತದೆ.

ಜೊಯಿ ಒಮ್ಮೆ ಅವಳಿಗೆ ಎದುರುತ್ತರ ಕೊಡುತ್ತಾಳೆ. ನೀನೂ ಅವನಷ್ಟೇ ಕಪ್ಪು, ನಿನ್ನನ್ನು ಪ್ರೀತಿಸಿದ್ದು ಸರಿ ಎಂದಾದರೆ ಅವನನ್ನು ಪ್ರೀತಿಸುವುದು ಹೇಗೆ ತಪ್ಪಾಗುತ್ತದೆ ಎನ್ನುವುದು ಅವಳ ಪ್ರಶ್ನೆ. ಕೇಳಲು ಚೆನ್ನಾಗಿದೆ. ಆದರೆ ವ್ಯತ್ಯಾಸ ಟಿಲ್ಲಿಗೆ ಗೊತ್ತು. ಟಿಲ್ಲಿಯನ್ನು ಪ್ರೀತಿಸಲು ಆ ಮನೆಯಲ್ಲಿ ಏನನ್ನೂ ಬದಲಾಯಿಸಬೇಕಾಗಿಲ್ಲ. ಅವಳು ಅಡುಗೆಮನೆಯಲ್ಲೇ ಇರುತ್ತಾಳೆ. ಜಾನ್ ಬಂದರೆ ಊಟದ ಮೇಜಿನಲ್ಲೇ ಕುರ್ಚಿ ಹಾಕಬೇಕು.

ಅಮ್ಮ ಕೇಳಿದ ಪ್ರಶ್ನೆ

ನನ್ನಮ್ಮ ದಾವಣಗೆರೆಯಲ್ಲಿ ಎರಡು ಮನೆಗಳಲ್ಲಿ ಅಡುಗೆ ಕೆಲಸ ಮಾಡುತ್ತಾಳೆ. ಅದರಲ್ಲಿ ಒಂದು ಮನೆಗೆ ಹೋಗಲು ಶುರು ಮಾಡಿ ಹದಿನಾಲ್ಕು ವರ್ಷವಾಯಿತು. ಒಳ್ಳೆಯ ಜನ. ನಾನು ಬಿಇ ಸೇರುವಾಗ ಹಾಸ್ಟೆಲ್ ಫೀಸಿಗೆ ದುಡ್ಡು ಕಡಿಮೆಯಾದಾಗ ಕೊಟ್ಟವರು ಅವರೇ. ‘ಇವಳು ನಮ್ಮನೆಯವಳೇ’ ಎಂದು ನೆಂಟರಿಗೆ ಪರಿಚಯಿಸುತ್ತಾರೆ. ಅಮ್ಮನ ತಟ್ಟೆ ಲೋಟ ಮಾತ್ರ ಸಿಂಕ್ ಪಕ್ಕದ ಕಿಟಕಿಯಲ್ಲಿ ಬೇರೆ ಇರುತ್ತವೆ.

ಸೆಮಿಸ್ಟರ್ ರಜೆಯಲ್ಲಿ ಮೊಬೈಲ್‌ನಲ್ಲಿ ಅಮ್ಮನಿಗೆ ಈ ಸಿನಿಮಾ ತೋರಿಸಿದೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ನಾನು ಹೇಳುತ್ತಾ ಹೋದೆ. ಟಿಲ್ಲಿ ಬೈಯುವ ದೃಶ್ಯ ಬಂದಾಗ ಅಮ್ಮ ನಗಲಿಲ್ಲ.

‘ಪಾಪ, ಅವಳಿಗೆ ಹೆದರಿಕೆ ಕಣೇ’ ಎಂದಳು. ‘ಅವನು ಅವಳ ಕಡೆಯವನು ತಾನೇ? ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಮೋನು ಹಿಂಗ್ ಮಾಡ್ದ ಅಂತ ಮೊದ್ಲು ಕೇಳೋದು ಅವಳನ್ನೇ. ಅವನು ವಿಮಾನ ಹತ್ತಿ ಹೋಗ್ತಾನೆ. ಇವಳು ಅಲ್ಲೇ ಇರ್ಬೇಕಲ್ಲ.’

ವರ್ಷಗಟ್ಟಲೆ ನಂಬಿಕೆ ಗಳಿಸಿ ಉಳಿಸಿಕೊಂಡ ಕೆಲಸ ಟಿಲ್ಲಿಯದು. ಅಂಥ ಕೆಲಸಕ್ಕೆ ಆಗ ಏನು ಭದ್ರತೆ ಇತ್ತು ಎಂದು ಹುಡುಕಿ ಓದಿದೆ. 1940ರಲ್ಲಿ ಅಮೆರಿಕದಲ್ಲಿ ದುಡಿಯುತ್ತಿದ್ದ ಕಪ್ಪು ವರ್ಣೀಯ ಹೆಂಗಸರಲ್ಲಿ ಸುಮಾರು ಶೇ 60ರಷ್ಟು ಮಂದಿ ಮನೆಗೆಲಸದವರು. 1935ರ ಸಾಮಾಜಿಕ ಭದ್ರತಾ ಕಾಯ್ದೆ ಮನೆಗೆಲಸದವರನ್ನೂ ಕೃಷಿ ಕೂಲಿಗಳನ್ನೂ ಹೊರಗಿಟ್ಟೇ ಜಾರಿಯಾಯಿತು. ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಕಾನೂನು 1938ರಲ್ಲೇ ಬಂದರೂ ಅದು ಮನೆಗೆಲಸದವರನ್ನು ತಲುಪಿದ್ದು 1974ರಲ್ಲಿ. ಅಂದರೆ ತೆರೆಯ ಮೇಲೆ ಟಿಲ್ಲಿ ಜಾನ್‌ನನ್ನು ಬೈಯುತ್ತಿದ್ದಾಗ, ಅವಳಂಥವರಿಗೆ ಇಷ್ಟಾದರೂ ಸಂಬಳ ಕೊಡಲೇಬೇಕು ಎನ್ನುವ ಕೇಂದ್ರದ ಕಾನೂನೂ ಇರಲಿಲ್ಲ. ಮನೆಯವರ ಒಳ್ಳೆಯತನವೇ ಅವಳ ಆಸ್ತಿ. ಅದು ಕೈತಪ್ಪುವ ಭಯ ‘ನಮ್ಮವನೊಬ್ಬ ಮಟ್ಟ ಮೀರಿದ’ ಎನ್ನುವ ಸಿಟ್ಟಿನ ರೂಪದಲ್ಲಿ ಹೊರಬಂದರೆ ಆಶ್ಚರ್ಯವಿಲ್ಲ.

ಟಿಲ್ಲಿ ಹೇಳಿದ್ದು ಸರಿ ಎಂದು ನಾನು ವಾದಿಸುತ್ತಿಲ್ಲ. ಇನ್ನೊಬ್ಬರು ಹಾಕಿದ ಗೆರೆಯನ್ನು ತಾನೇ ಕಾವಲು ಕಾಯುವುದು ನೋವಿನ ಸಂಗತಿ. ಆದರೆ ಆ ಗೆರೆ ಎಳೆದವಳು ಅವಳಲ್ಲ. ಹುಡುಗನ ಅಪ್ಪನ ವಿರೋಧದಲ್ಲೂ ಇಂಥದೇ ಭಯವಿದೆ. ನೀನು ನಿನ್ನನ್ನು ಕಪ್ಪು ಮನುಷ್ಯ ಎಂದುಕೊಳ್ಳುತ್ತೀಯ, ನಾನು ನನ್ನನ್ನು ಮನುಷ್ಯ ಎಂದುಕೊಳ್ಳುತ್ತೇನೆ ಎಂದು ಮಗ ಅವನಿಗೆ ಉತ್ತರ ಕೊಡುತ್ತಾನೆ. ಹಾಗೆ ಹೇಳುವ ಧೈರ್ಯ ದೊಡ್ಡದು. ಆದರೆ ಮಗ ಅಷ್ಟು ಓದಿದ್ದು ಅಪ್ಪ ಅಂಚೆಚೀಲ ಹೊತ್ತು ಮೈಲಿಗಟ್ಟಲೆ ನಡೆದದ್ದರಿಂದ. ನಮ್ಮ ತರಗತಿಯಲ್ಲಿ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಅನೇಕರಿದ್ದೇವೆ. ಜಾನ್‌ನ ಮಾತಿಗೆ ಚಪ್ಪಾಳೆ ತಟ್ಟುವುದು ನಮಗೆ ಸುಲಭ. ಟಿಲ್ಲಿಯ ಮಾತಿನ ಹಿಂದೆ ಏನಿದೆ ಎಂದು ಕೇಳಿಸಿಕೊಳ್ಳುವುದೂ ನಮಗೆ ಸಾಧ್ಯವಾಗಬೇಕು. ಅವಳು ನಮ್ಮ ಮನೆಯಲ್ಲೇ ಇದ್ದಾಳೆ.

ಕೊನೆಯ ಒಂದು ನಿಮಿಷ

ಸಿನಿಮಾದ ಕೊನೆಯಲ್ಲಿ ಮ್ಯಾಟ್ ಎಲ್ಲರನ್ನೂ ಹಾಲ್‌ನಲ್ಲಿ ಸೇರಿಸಿ ತನ್ನ ತೀರ್ಮಾನ ಹೇಳುತ್ತಾನೆ. ಟಿಲ್ಲಿಯನ್ನೂ ಕರೆಸಿ ಕೂರಿಸುತ್ತಾನೆ. 22 ವರ್ಷದಿಂದ ನಮ್ಮ ಕುಟುಂಬದ ಸದಸ್ಯೆ ಎಂದು ಅವಳ ಪೂರ್ತಿ ಹೆಸರು, ಮಟಿಲ್ಡಾ ಬಿಂಕ್ಸ್, ಹೇಳುತ್ತಾನೆ. ಭಾಷಣ ಚೆನ್ನಾಗಿದೆ, ಕಣ್ಣು ಒದ್ದೆಯಾಗುತ್ತದೆ. ಆಗಲೇ ಕಾಯಿಲೆ ಬಿದ್ದಿದ್ದ ಸ್ಪೆನ್ಸರ್ ಟ್ರೇಸಿ ಚಿತ್ರೀಕರಣ ಮುಗಿದ ಕೆಲವೇ ದಿನಗಳಲ್ಲಿ ತೀರಿಕೊಂಡರು ಎಂಬುದು ಗೊತ್ತಿದ್ದರೆ ಇನ್ನೂ ಹೆಚ್ಚು ತಟ್ಟುತ್ತದೆ. ಮದುವೆಗೆ ಒಪ್ಪಿಗೆ ಸಿಗುತ್ತದೆ. ಆಮೇಲೆ ಮ್ಯಾಟ್ ಟಿಲ್ಲಿಯ ಕಡೆ ತಿರುಗಿ ಊಟ ಯಾವಾಗ ಎಂದು ಗದರುತ್ತಾನೆ. ಎಲ್ಲರೂ ಮೇಜಿನತ್ತ ನಡೆಯುತ್ತಾರೆ, ಸಿನಿಮಾ ಮುಗಿಯುತ್ತದೆ.

ಅಮ್ಮ ಕೇಳಿದಳು: ‘ಅವಳು ಕೂತಳಾ ಊಟಕ್ಕೆ?’

ಕೂರಲಿಲ್ಲ. ಅಷ್ಟು ಹೊತ್ತು ಸಮಾನತೆಯ ಬಗ್ಗೆ ಮಾತಾಡಿದ ಸಿನಿಮಾಕ್ಕೆ ಆ ಪ್ರಶ್ನೆ ಹೊಳೆಯಲೇ ಇಲ್ಲ. ಇದು ಈ ಒಂದು ಸಿನಿಮಾದ ಸಮಸ್ಯೆಯಲ್ಲ. ‘ಗಾನ್ ವಿತ್ ದ ವಿಂಡ್’ನಲ್ಲಿ ಮನೆಗೆಲಸದಾಕೆಯಾಗಿ ನಟಿಸಿದ ಹ್ಯಾಟಿ ಮೆಕ್‌ಡೇನಿಯಲ್ 1940ರಲ್ಲಿ ಆಸ್ಕರ್ ಗೆದ್ದ ಮೊದಲ ಕಪ್ಪು ವರ್ಣೀಯ ಕಲಾವಿದೆ. ಆ ಸಮಾರಂಭದಲ್ಲೂ ಅವರನ್ನು ಸಹನಟರಿಂದ ದೂರ, ಬೇರೆ ಮೇಜಿನಲ್ಲಿ ಕೂರಿಸಲಾಗಿತ್ತು.

ಟಿಲ್ಲಿಯಾಗಿ ನಟಿಸಿದವರು ಇಸಬೆಲ್ ಸ್ಯಾನ್‌ಫರ್ಡ್. ಅವರ ಕಥೆ ಅಡುಗೆಮನೆಯಲ್ಲಿ ನಿಲ್ಲಲಿಲ್ಲ. 1975ರಿಂದ ಹತ್ತು ವರ್ಷ ನಡೆದ ‘ದ ಜೆಫರ್ಸನ್ಸ್’ ಟಿವಿ ಧಾರಾವಾಹಿಯಲ್ಲಿ ಅವರೇ ಮನೆಯೊಡತಿ ಲೂಯಿಸ್. ಹಿಂದೆ ಮನೆಗೆಲಸ ಮಾಡಿದ್ದ, ಈಗ ನ್ಯೂಯಾರ್ಕ್‌ನ ದುಬಾರಿ ಅಪಾರ್ಟ್‌ಮೆಂಟ್‌ನಲ್ಲಿರುವ ಹೆಂಗಸು. ಅದೇ ಕಟ್ಟಡದಲ್ಲಿರುವ ದಂಪತಿಯೊಂದರಲ್ಲಿ ಗಂಡ ಬಿಳಿಯ, ಹೆಂಡತಿ ಕಪ್ಪು ವರ್ಣೀಯಳು. ಲೂಯಿಸ್‌ಗೆ ಅವರು ಗೆಳೆಯರು. ಮೂಗು ಮುರಿಯುವವನು ಅವಳ ಗಂಡ. ಕೊನೆಗೆ ಇವರ ಮಗ ಅವರ ಮಗಳನ್ನೇ ಮದುವೆಯಾಗುತ್ತಾನೆ. ಈ ಪಾತ್ರಕ್ಕೆ 1981ರಲ್ಲಿ ಸ್ಯಾನ್‌ಫರ್ಡ್‌ಗೆ ಎಮ್ಮಿ ಪ್ರಶಸ್ತಿ ಬಂತು. ಹಾಸ್ಯ ಧಾರಾವಾಹಿಯ ಮುಖ್ಯ ನಟಿ ವಿಭಾಗದಲ್ಲಿ ಅದನ್ನು ಗೆದ್ದ ಮೊದಲ ಕಪ್ಪು ವರ್ಣೀಯ ಮಹಿಳೆ ಅವರು. ಆ ಮನೆಯಲ್ಲೂ ಒಬ್ಬಳು ಕೆಲಸದಾಕೆ ಇದ್ದಳು. ಆದರೆ ಯಜಮಾನನ ಒಂದು ಮಾತಿಗೆ ಎರಡು ಮಾತು ತಿರುಗಿ ಕೊಡುತ್ತಿದ್ದಳು, ನಗು ಅವಳ ಪಾಲಿಗೇ ಬರುತ್ತಿತ್ತು.

ಈ ಹಳೆಯ ಸಿನಿಮಾವನ್ನು ನೀವೂ ನೋಡಿ. ಎರಡು ಗಂಟೆಗಿಂತ ಕಡಿಮೆ, ಬೇಸರವಾಗುವುದಿಲ್ಲ. ಪಾಯ್ಟಿಯರ್ ಅಪ್ಪನೊಡನೆ ಜಗಳವಾಡುವ ದೃಶ್ಯಕ್ಕಾದರೂ ನೋಡಬೇಕು. ಹಾಗೆಯೇ ಮನೆಯಲ್ಲಿ ಅಮ್ಮನೋ ಅಜ್ಜಿಯೋ ಇದ್ದರೆ ಜತೆಗೆ ಕೂರಿಸಿಕೊಳ್ಳಿ. ನಮ್ಮ ಸೆಮಿನಾರ್ ಹಾಲ್‌ನಲ್ಲಿ ನೂರಕ್ಕೂ ಹೆಚ್ಚು ಮಂದಿ ಇದ್ದೆವು. ಟಿಲ್ಲಿ ಊಟ ಮಾಡಿದಳೇ ಎಂದು ಒಬ್ಬರೂ ಕೇಳಿರಲಿಲ್ಲ.