ಪರದೆ ಬಂತು, ನಡೆಸುವವರು ಬೇಕು

ಅನಮೋಡ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಚೆಕ್‌ಪೋಸ್ಟ್. ಗೋವಾ ಪ್ರವಾಸಕ್ಕೆ ಹೊರಟವರ ವಾಹನ ಇಲ್ಲಿ ಸ್ವಲ್ಪ ಹೊತ್ತು ನಿಂತು, ಘಾಟಿ ಇಳಿದು ಮೊಲೆಂ ಕಡೆ ಹೋಗುತ್ತದೆ. ಈ ದಾರಿಯಲ್ಲಿ ಬಂದವರು ಒಂದು ಸಂಗತಿ ಗಮನಿಸಿರಬಹುದು. ರಾಮನಗರ ದಾಟಿದ ಮೇಲೆ ಮೊಬೈಲ್‌ನ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಕರಗುತ್ತವೆ. ಪ್ರವಾಸಿಗೆ ಅದು ಸ್ವಲ್ಪ ಹೊತ್ತಿನ ಕಿರಿಕಿರಿ. ಇಲ್ಲೇ ಹುಟ್ಟಿ, ಇಲ್ಲೇ ಓದಬೇಕಾದ ನಮಗೆ ಅದು ವರ್ಷವಿಡೀ ಇರುವ ಪಾಡು.

ನಾನು ಇದೇ ಸೀಮೆಯ ಹುಡುಗಿ. ಹಾಸ್ಟೆಲ್‌ನಲ್ಲಿದ್ದು ದಾಂಡೇಲಿಯಲ್ಲಿ ಪದವಿ ಮುಗಿಸಿ ಈಗ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಶನಿವಾರಗಳಂದು ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಡಿಜಿಟಲ್ ಶಿಕ್ಷಣದ ಬಗ್ಗೆ ಭಾಷಣಗಳನ್ನು ಕೇಳಿದಾಗಲೆಲ್ಲ ನನಗೆ ಅನಿಸುವುದು ಒಂದೇ: ಶಾಲೆಗೆ ಯಂತ್ರ ತಂದುಕೊಡುವವರು ಸಿಗುತ್ತಾರೆ, ಅದನ್ನು ವರ್ಷಗಟ್ಟಲೆ ನಡೆಸಿಕೊಂಡು ಹೋಗುವವರು ಸಿಗುವುದಿಲ್ಲ.

ಬೆಳಕು ಕೊಟ್ಟ ತಾಲ್ಲೂಕು

ನಮ್ಮ ಜೊಯಿಡಾ ಉತ್ತರ ಕನ್ನಡದಲ್ಲೇ ವಿಸ್ತಾರವಾದ ತಾಲ್ಲೂಕು. ಜನ ಮಾತ್ರ 50 ಸಾವಿರದ ಆಸುಪಾಸು. ಕುಣಬಿಯರು, ಗೌಳಿಗಳು, ಸಿದ್ದಿಯರು ಸೇರಿದಂತೆ ಹಲವು ಸಮುದಾಯದವರು ಚದುರಿದ ಹಳ್ಳಿಗಳಲ್ಲಿದ್ದಾರೆ. ತಾಲ್ಲೂಕಿನ ಬಹುಭಾಗ ಕಾಡು. ಅದರಲ್ಲಿ ದೊಡ್ಡ ಪಾಲು, 2015ರಲ್ಲಿ ಕಾಳಿ ಎಂಬ ಹೆಸರು ಪಡೆದ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ಕಾಡಿನೊಳಗೆ ಕಂಬ ನೆಡಲಿ, ಕೇಬಲ್ ಎಳೆಯಲಿ, ಟವರ್ ನಿಲ್ಲಿಸಲಿ, 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಅನುಮತಿಗಳನ್ನು ದಾಟಬೇಕು. ಕಾಡು ಉಳಿಯಬೇಕು ಎನ್ನುವುದರಲ್ಲಿ ನಮ್ಮ ತಕರಾರಿಲ್ಲ. ಅದರ ಬೆಲೆಯಲ್ಲಿ ಒಂದು ಪಾಲನ್ನು ಶಾಲಾ ಮಕ್ಕಳೂ ಕೊಡುತ್ತಿದ್ದಾರೆ ಎಂಬುದು ಲೆಕ್ಕಕ್ಕೆ ಬರಬೇಕು, ಅಷ್ಟೆ.

ಕಾಳಿ ನದಿಗೆ ಗಣೇಶಗುಡಿಯಲ್ಲಿ ಕಟ್ಟಿದ ಸೂಪಾ ಅಣೆಕಟ್ಟೆಯಿಂದ ಹಳೆಯ ಸೂಪಾ ಪಟ್ಟಣವೇ ಮುಳುಗಿತು, ತಾಲ್ಲೂಕು ಕೇಂದ್ರ ಜೊಯಿಡಾಕ್ಕೆ ಬಂತು. ನೆಲೆ ಕಳೆದುಕೊಂಡ ಎಷ್ಟೋ ಕುಟುಂಬಗಳು ರಾಮನಗರಕ್ಕೆ ಬಂದು ನೆಲೆಸಿದವು. ಹೀಗೆ ನಾಡಿಗೆ ವಿದ್ಯುತ್ ಕೊಟ್ಟ ನೆಲದಲ್ಲಿ, ಮಳೆಗಾಲ ಬಂತೆಂದರೆ ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಡಿಜಿಟಲ್ ತರಗತಿಯ ಮೊದಲ ಪಾಠ ಇಲ್ಲಿಂದಲೇ ಶುರುವಾಗಬೇಕು.

ಪರೀಕ್ಷೆ ಕನ್ನಡದಲ್ಲಿ, ಆದರೆ ಕಂಪ್ಯೂಟರ್‌ನಲ್ಲಿ

'ಹಳ್ಳಿ ಶಾಲೆಗೆ ಕಂಪ್ಯೂಟರ್ ಯಾಕೆ, ಮೊದಲು ಓದು ಬರಹ ಬರಲಿ' ಎನ್ನುವವರಿದ್ದಾರೆ. ಓದು ಬರಹ ಬರಲೇಬೇಕು, ಒಪ್ಪುತ್ತೇನೆ. ಆದರೆ ನಮ್ಮಂಥ ಉದ್ಯೋಗಾಕಾಂಕ್ಷಿಗಳಿಗೆ ಬಾಗಿಲು ಎಲ್ಲಿದೆ ನೋಡಿ. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ) ಎಂಟಿಎಸ್ ಮತ್ತು ಸಿಎಚ್‌ಎಸ್‌ಎಲ್ ಪರೀಕ್ಷೆಗಳನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ 2023ರ ಜನವರಿಯಲ್ಲಿ ಪ್ರಕಟಿಸಿದಾಗ ನಾವೆಲ್ಲ ಖುಷಿಪಟ್ಟೆವು. ಭಾಷೆಯ ಗೋಡೆ ಕುಸಿಯಿತು, ನಿಜ. ಆದರೆ ಆ ಪರೀಕ್ಷೆ ನಡೆಯುವುದು ಕಂಪ್ಯೂಟರ್ ಮುಂದೆ. ಮೌಸ್ ಹಿಡಿದು ಗೊತ್ತಿಲ್ಲದ ಅಭ್ಯರ್ಥಿಗೆ ಪರೀಕ್ಷಾ ಕೇಂದ್ರದಲ್ಲಿ ಮೊದಲ ಹತ್ತು ನಿಮಿಷ ಪರದೆಯ ಜೊತೆ ಗುದ್ದಾಡುವುದರಲ್ಲೇ ಕಳೆಯುತ್ತದೆ. ಒಂದು ಅಂಕದಲ್ಲಿ ಕೆಲಸ ತಪ್ಪುವ ಕಾಲದಲ್ಲಿ ಆ ಹತ್ತು ನಿಮಿಷದ ಬೆಲೆ ಏನೆಂದು ನಿಮಗೆ ಗೊತ್ತು.

ವಿದ್ಯಾರ್ಥಿವೇತನದ ಕಥೆಯೂ ಇದೇ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಎಲ್ಲವೂ ಸರಿಯಿರಬೇಕು. ಜೊತೆಗೆ ಒಟಿಪಿ. ಅಪ್ಪನ ಮೊಬೈಲ್ ಮನೆಯಲ್ಲಿ, ಸಿಗ್ನಲ್ ರಸ್ತೆಯ ತಿರುವಿನಲ್ಲಿ. ಸಂದೇಶ ಬಂದು ಮುಟ್ಟುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತದೆ. ಕೊನೆಗೆ ದೂರದ ಊರಿನ ಸೈಬರ್ ಅಂಗಡಿಗೆ ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ನಮ್ಮ ಕಡೆಯ ಎಷ್ಟೋ ಹುಡುಗರು ಹತ್ತನೇ ತರಗತಿಯ ನಂತರ ಗೋವಾದ ಹೋಟೆಲ್, ಅಂಗಡಿಗಳಿಗೆ ಕೆಲಸಕ್ಕೆ ಇಳಿಯುತ್ತಾರೆ. ಅದಕ್ಕೆ ಬಡತನವೇ ದೊಡ್ಡ ಕಾರಣ. ಆದರೆ ಸಮಯಕ್ಕೆ ತುಂಬದೇ ಹೋದ ಒಂದು ಅರ್ಜಿ ಆ ಬಡತನದ ಕೈಯನ್ನು ಇನ್ನಷ್ಟು ಬಲಪಡಿಸುತ್ತದೆ.

2019ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್, ಹಾಸ್ಟೆಲ್‌ನ ಮೊಬೈಲ್ ನಿರ್ಬಂಧ ಪ್ರಶ್ನಿಸಿದ ವಿದ್ಯಾರ್ಥಿನಿಯೊಬ್ಬರ ಪ್ರಕರಣದಲ್ಲಿ, ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗ ಎಂದು ಹೇಳಿತು. ಆರು ತಿಂಗಳಲ್ಲಿ ಕೋವಿಡ್ ಬಂದು ಆ ಮಾತಿನ ಅರ್ಥವನ್ನು ದೇಶಕ್ಕೇ ತೋರಿಸಿತು. 2020ರ ಜುಲೈನಲ್ಲಿ ದೂರದರ್ಶನ ಚಂದನದಲ್ಲಿ 'ಸಂವೇದ' ಪಾಠಗಳು ಶುರುವಾದವು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಬಂತು, ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋದರು. ಮಲೆನಾಡಿನ ಹುಡುಗರು ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಿದ್ದು, 2021ರಲ್ಲಿ ಸುಳ್ಯದ ಕಡೆ ಮಳೆಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತಿದ್ದು ಪತ್ರಿಕೆಗಳಲ್ಲಿ ಬಂತು. ಆ ಚಿತ್ರವನ್ನು ನಾವೆಲ್ಲ ಮೆಚ್ಚಿ ಹಂಚಿಕೊಂಡೆವು. ಆದರೆ ಅಪ್ಪ ಕೊಡೆ ಹಿಡಿಯಬೇಕಾಗಿ ಬಂದದ್ದೇ ನಾವು ಕೇಳಬೇಕಾದ ಪ್ರಶ್ನೆಯಾಗಿತ್ತು.

ಯೋಜನೆಗಳಿಗೆ ಬರವಿಲ್ಲ

ಯೋಜನೆಗಳು ಬಂದಿಲ್ಲ ಎನ್ನುವಂತಿಲ್ಲ. ಈ ಶತಮಾನದ ಆರಂಭದಲ್ಲೇ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ 'ಮಾಹಿತಿ ಸಿಂಧು' ಬಂತು. 2004ರ ಸೆಪ್ಟೆಂಬರ್ 20ರಂದು ಇಸ್ರೊ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಅದರ ಪಾಠಗಳು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳನ್ನು ತಲುಪಿದವು. 2017ರಲ್ಲಿ ದೀಕ್ಷಾ ಬಂತು, ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡ್ ಕಾಣಿಸಿಕೊಂಡಿತು. ನೆಟ್‌ವರ್ಕ್ ಇಲ್ಲದ ಹಳ್ಳಿಗಳಿಗೆ 4ಜಿ ಟವರ್ ಹಾಕಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು.

ಆದರೂ ಯುಡೈಸ್ ಪ್ಲಸ್ 2023–24ರ ವರದಿಯ ಪ್ರಕಾರ ದೇಶದಲ್ಲಿ ಕೆಲಸ ಮಾಡುವ ಕಂಪ್ಯೂಟರ್ ಇರುವ ಶಾಲೆಗಳು ಸುಮಾರು ಶೇ 57, ಇಂಟರ್ನೆಟ್ ಇರುವವು ಸುಮಾರು ಶೇ 54 ಮಾತ್ರ. ಇನ್ನೊಂದು ಕಡೆ, 'ಅಸರ್ 2024' ಸಮೀಕ್ಷೆ ಹೇಳುವುದು ಬೇರೆಯದೇ ಕಥೆ. ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 90ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಬಳಸಲು ಗೊತ್ತಿರುವವರಲ್ಲಿ, ಸಮೀಕ್ಷೆಯ ಹಿಂದಿನ ವಾರ ಶೇ 57ರಷ್ಟು ಮಕ್ಕಳು ಅದನ್ನು ಕಲಿಕೆಗೆ ಬಳಸಿದ್ದರೆ, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಅಂದರೆ ಯಂತ್ರ ಕೈಗೆ ಬಂದ ಮಾತ್ರಕ್ಕೆ ಓದು ಬರುವುದಿಲ್ಲ. ಪೆರು ದೇಶವು ಹಳ್ಳಿ ಶಾಲೆಗಳ ಮಕ್ಕಳಿಗೆ ತಲೆಗೊಂದು ಲ್ಯಾಪ್‌ಟಾಪ್ ಹಂಚಿತು. ಗಣಿತ, ಭಾಷೆಯ ಅಂಕಗಳಲ್ಲಿ ಅದರಿಂದ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲವೆಂದು 2012ರ ಅಧ್ಯಯನ ತಿಳಿಸಿತು.

ನಮ್ಮ ಶಾಲೆಯಲ್ಲಿ ಆದದ್ದು

ನಾನು ಹೋಗುವ ಶಾಲೆಗೂ ದಾನಿಯೊಬ್ಬರಿಂದ ಕಂಪ್ಯೂಟರ್‌ಗಳು ಬಂದಿದ್ದವು. ಹಾರ, ಫೋಟೊ ಎಲ್ಲ ಆಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಯುಪಿಎಸ್ ಬ್ಯಾಟರಿ ಸತ್ತಿತ್ತು, ತೇವಕ್ಕೆ ಕೀಲಿಮಣೆ ಹಾಳಾಗಿತ್ತು. ರಿಪೇರಿಗೆ ಯಾರನ್ನು ಕರೆಯಬೇಕು, ದುಡ್ಡು ಯಾವ ಲೆಕ್ಕದಲ್ಲಿ ಕೊಡಬೇಕು ಎಂಬುದಕ್ಕೆ ಉತ್ತರ ಇರಲಿಲ್ಲ. ಶಿಕ್ಷಕರನ್ನು ದೂರುವಂತೆಯೂ ಇಲ್ಲ. ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿ ಕಲಿಸುತ್ತ, ಬಿಸಿಯೂಟದ ಲೆಕ್ಕ ಬರೆಯುತ್ತ, ಕಂಪ್ಯೂಟರ್ ಬಿಚ್ಚಿ ಒರೆಸು ಎಂದರೆ ಯಾರಿಂದಾದೀತು?

ನಾವು ಮಾಡಿದ್ದು ಸಣ್ಣ ಕೆಲಸ. ಕೆಟ್ಟವುಗಳ ಬಿಡಿಭಾಗ ಸೇರಿಸಿ ಒಂದನ್ನು ಎಬ್ಬಿಸಿದೆವು, ಗೆಳತಿಯೊಬ್ಬಳ ಹಳೆಯ ಲ್ಯಾಪ್‌ಟಾಪ್ ಸೇರಿತು. ಇಂಟರ್ನೆಟ್‌ಗೆ ಕಾಯುವುದನ್ನು ಬಿಟ್ಟೆವು. ದೀಕ್ಷಾ ಆ್ಯಪ್‌ನಲ್ಲಿ ಪಾಠಗಳನ್ನು ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಇಲ್ಲದೆಯೂ ನೋಡಬಹುದು, ಇನ್ನೊಂದು ಫೋನಿಗೆ ದಾಟಿಸಬಹುದು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಕಿವಿಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಕನ್ನಡ ವಿಕಿಪೀಡಿಯವನ್ನೇ ಪೆನ್‌ಡ್ರೈವ್‌ಗೆ ತುಂಬಿಕೊಳ್ಳಬಹುದು. ರಾಮನಗರಕ್ಕೆ ಸಂತೆಗೆ ಹೋದಾಗ ಬೇಕಾದದ್ದನ್ನು ಇಳಿಸಿಕೊಂಡು ಬರುತ್ತೇನೆ. ನಮ್ಮೂರಿಗೆ ಇಂಟರ್ನೆಟ್ ತರಕಾರಿ ಚೀಲದ ಜೊತೆ ಬರುತ್ತದೆ ಎಂದು ಅವ್ವ ನಗುತ್ತಾಳೆ.

ಒಂದು ಶನಿವಾರ ಕಾಳಿ ನದಿಯ ಬಗ್ಗೆ ತೋರಿಸುತ್ತಿದ್ದೆ. ನದಿ ಹುಟ್ಟುವ ಡಿಗ್ಗಿ ನಮ್ಮ ತಾಲ್ಲೂಕಿನದೇ ಊರು ಎಂದೆ. ಆರನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, 'ಅಕ್ಕೋರೆ, ಅದು ನನ್ನ ಮಾವಶಿಯ ಊರು' ಎಂದ. ಮನೆಯಲ್ಲಿ ಕೊಂಕಣಿ ಆಡುವ, ತರಗತಿಯಲ್ಲಿ ಬಾಯಿ ಬಿಡದ ಹುಡುಗ ಅವನು. ಅಂದು ಮಾವಶಿಯ ಊರಿನ ಹೊಳೆ, ಕಾಡು, ಬಸ್ಸು ಎಲ್ಲವನ್ನೂ ಕನ್ನಡದಲ್ಲೇ ಹೇಳಿದ. ಮುಂದಿನ ವಾರ ಅದನ್ನೇ ಟೈಪ್ ಮಾಡಿಸಿದೆ. ಆರು ಸಾಲಿಗೆ ಇಡೀ ಗಂಟೆ ಹಿಡಿಯಿತು. ಆದರೆ ಕನ್ನಡ ಕೀಲಿಮಣೆ ಅವನಿಗೆ ಈಗ ಪರಿಚಿತ.

ವಿದ್ಯುತ್ತಿನ ಲೆಕ್ಕವೂ ಕಷ್ಟದ್ದಲ್ಲ. 12 ವೋಲ್ಟ್, 100 ಆಂಪಿಯರ್–ಅವರ್‌ನ ಬ್ಯಾಟರಿಯಲ್ಲಿ ಅರ್ಧದಷ್ಟನ್ನೇ ಬಳಸಿದರೂ 600 ವ್ಯಾಟ್–ಅವರ್ ಸಿಗುತ್ತದೆ. 50 ವ್ಯಾಟ್‌ನ ಲ್ಯಾಪ್‌ಟಾಪ್ ಸುಮಾರು ಹತ್ತು ಗಂಟೆ ನಡೆಯುತ್ತದೆ, 200 ವ್ಯಾಟ್‌ನ ಪ್ರೊಜೆಕ್ಟರ್ ಮೂರು ಗಂಟೆಯೊಳಗೆ ಕೈಕೊಡುತ್ತದೆ. ಆದ್ದರಿಂದ ದಾನಿಗಳು ಕೇಳಿದರೆ ದೊಡ್ಡ ಪರದೆಗಿಂತ ಮೊದಲು ಸೌರ ಫಲಕ, ಬ್ಯಾಟರಿ ಕೇಳಿ. ಸೆಲ್ಕೋ ಫೌಂಡೇಶನ್‌ನ 'ಇ–ಶಾಲಾ'ದಂಥ ಸೌರಶಕ್ತಿಯ ಡಿಜಿಟಲ್ ತರಗತಿಗಳು ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಈಗಾಗಲೇ ನಡೆಯುತ್ತಿವೆ.

ಮಕ್ಕಳೇ ಮೆಕ್ಯಾನಿಕ್‌ಗಳು

ನಡೆಸುವವರು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಪಕ್ಕದ ಕೇರಳದಲ್ಲಿ ಒಂದು ಉತ್ತರವಿದೆ. ಅಲ್ಲಿನ ಸರ್ಕಾರಿ ಸಂಸ್ಥೆ 'ಕೈಟ್' 2018ರಲ್ಲಿ 'ಲಿಟಲ್ ಕೈಟ್ಸ್' ಎಂಬ ಮಕ್ಕಳ ಐಟಿ ಕ್ಲಬ್‌ಗಳನ್ನು ಆರಂಭಿಸಿತು. ಪ್ರೌಢಶಾಲೆಯ ಮಕ್ಕಳೇ ತಮ್ಮ ಶಾಲೆಯ ಯಂತ್ರಗಳ ನಿಗಾ ನೋಡುತ್ತಾರೆ, ಅನಿಮೇಷನ್, ಪ್ರೋಗ್ರಾಮಿಂಗ್ ಕಲಿಯುತ್ತಾರೆ, ತಾಯಂದಿರಿಗೂ ಹೇಳಿಕೊಡುತ್ತಾರೆ. ಶಾಲೆಗಳಲ್ಲಿ ಬಳಸುವುದು ಮುಕ್ತ ತಂತ್ರಾಂಶ. ಪರವಾನಗಿಗೆ ದುಡ್ಡು ಕಟ್ಟಬೇಕಿಲ್ಲ. ನಮ್ಮಲ್ಲೂ ಶಿಕ್ಷಕರೇ ಸೇರಿ ಕನ್ನಡದಲ್ಲಿ ಬೆಳೆಸಿದ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ತಾಣವಿದೆ. ಅದರಿಂದ ಪಾಠ ತೆಗೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಶಾಲಾ ಮಕ್ಕಳನ್ನು ಅಲ್ಲಿಗೆ ಸೆಳೆಯಲು 2020ರ ನವೆಂಬರ್ 14ರಂದು 'ಓದುವ ಬೆಳಕು' ಆರಂಭವಾಯಿತು. ಕಂಪ್ಯೂಟರ್ ಇರುವ ಅರಿವು ಕೇಂದ್ರಕ್ಕೆ ವಾರಕ್ಕೊಮ್ಮೆ ಕೂರುವ ಒಬ್ಬ ಪದವೀಧರ ಸಿಕ್ಕರೆ, ಸೈಬರ್ ಅಂಗಡಿಗೆ ಹೋಗುವ ಕೂಲಿ ಉಳಿಯುತ್ತದೆ.

ಗೆಳೆಯರೇ, ಅಧಿಸೂಚನೆಗೆ ಕಾಯುತ್ತ, ಫಲಿತಾಂಶಕ್ಕೆ ಕಾಯುತ್ತ ಕೂತ ನಮ್ಮ ಬಳಿ ದುಡ್ಡಿಲ್ಲ, ಸಮಯವಿದೆ. ರಜೆಗೆ ಊರಿಗೆ ಹೋದಾಗ ನೀವು ಓದಿದ ಶಾಲೆಗೆ ಒಮ್ಮೆ ಹೋಗಿ. ಮುಖ್ಯ ಶಿಕ್ಷಕರ ಅನುಮತಿ ಪಡೆದು, ಬೀಗ ಹಾಕಿದ ಕೋಣೆ ತೆಗೆಸಿ. ಯಾವುದು ನಡೆಯುತ್ತದೆ, ಯಾವುದು ಕೆಟ್ಟಿದೆ ಎಂದು ಒಂದು ಪಟ್ಟಿ ಮಾಡಿ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಇಡಿ. ಫೋನಿನಲ್ಲಿ ಪಾಠಗಳನ್ನು ಇಳಿಸಿಕೊಂಡು ಹೋಗಿ. ಏಳನೇ ತರಗತಿಯವರಿಗೆ ಕನ್ನಡ ಟೈಪಿಂಗ್, ಹತ್ತನೇ ತರಗತಿಯವರಿಗೆ ವಿದ್ಯಾರ್ಥಿವೇತನದ ಅರ್ಜಿ ತುಂಬುವುದು, ಇಷ್ಟು ಕಲಿಸಿದರೂ ಸಾಕು. ನಾವು ಕೆಲಸ ಸಿಕ್ಕಿ ಊರು ಬಿಟ್ಟ ಮೇಲೂ ಇದು ನಿಲ್ಲಬಾರದು. ಹಾಗಾಗಿ ಹೊರಡುವ ಮುಂಚೆ ಇಬ್ಬರು ಮಕ್ಕಳಿಗಾದರೂ ರಿಪೇರಿ ಕಲಿಸಿ, ಕೋಣೆಯ ಬೀಗದ ಕೈ ಎಲ್ಲಿದೆ ಎಂದು ತೋರಿಸಿ ಹೋಗಿ.